ಮಂಗಳವಾರದ ಸಾಲಿನಲ್ಲಿ ಒಬ್ಬ ನರ್ಸ್

2021ರ ಜೂನ್ ಹೊತ್ತಿಗೆ ನಾನು ರೋಗಿಗಳಿಗೆ ಕ್ಯಾನುಲಾ, ಅಂದರೆ ಡ್ರಿಪ್ಪು ಔಷಧಿ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ನಳಿಗೆ, ಹಾಕುವುದನ್ನು ಬಿಟ್ಟಿದ್ದೆ. ಬಿಟ್ಟಿದ್ದೇನೆ ಅಂತ ಯಾರಿಗೂ ಹೇಳಿರಲಿಲ್ಲ. ಟ್ರೇ ಸಿದ್ಧ ಮಾಡುತ್ತಿದ್ದೆ, ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ, ಬೆರಳಿನಿಂದ ಮುಟ್ಟಿ ನಾಳ ಹುಡುಕುತ್ತಿದ್ದೆ. ಸೂಜಿ ಚುಚ್ಚುವ ಹೊತ್ತಿಗೆ ಪಕ್ಕದಲ್ಲಿದ್ದ ಹೊಸ ಹುಡುಗಿಯನ್ನು ಕರೆದು, "ಇದನ್ನ ನೀನು ಹಾಕಮ್ಮ, ನಾನು ಆ ಕಡೆ ಡ್ರಿಪ್ ನೋಡ್ತೀನಿ" ಎಂದು ಹೊರಟುಬಿಡುತ್ತಿದ್ದೆ. ಜಿಎನ್‌ಎಂ ನರ್ಸಿಂಗ್ ಕೋರ್ಸು ಮುಗಿಸಿ ಸರ್ಕಾರಿ ಆಸ್ಪತ್ರೆ ಸೇರಿದ ಮೇಲೆ ಬಹಳ ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಹಾಲು ಕುಡಿಯುವ ಕೂಸಿಗೆ ನಾಳ ಸಿಗದೆ ಡಾಕ್ಟರು ಕೈಚೆಲ್ಲಿದಾಗ ಬೇರೆ ವಾರ್ಡಿನವರೂ ನನಗೆ ಹೇಳಿಕಳಿಸುತ್ತಿದ್ದರು.

ಕೋವಿಡ್ ಕಾಲದ ಆರೋಗ್ಯ ಸಿಬ್ಬಂದಿಯ ಬಗ್ಗೆ ಬಂದ ಬರಹಗಳಲ್ಲಿ ಪಿಪಿಇ ಕಿಟ್ಟಿನ ಬೆವರು, ಸೋಂಕಿನ ಭಯ, ಮನೆಯವರಿಂದ ದೂರ ಇದ್ದದ್ದು ಎಲ್ಲ ಇದೆ. ಅವೆಲ್ಲ ನಿಜವೇ. ನನಗೆ ಆದದ್ದು ಮಾತ್ರ ಆ ಬರಹಗಳಲ್ಲಿ ಸಿಗಲಿಲ್ಲ. ಚೆನ್ನಾಗಿ ಬರುತ್ತಿದ್ದ ಕೆಲಸ ಇನ್ನು ನನ್ನಿಂದ ಆಗುವುದಿಲ್ಲ ಎಂದು ನನಗೇ ಅನ್ನಿಸತೊಡಗಿತು. ಅದು ಹೇಗೆ ಬಂತು, ಚಿಕಿತ್ಸೆಗೆ ಹೋದಾಗ ಏನೇನು ಕೇಳಿದರು, ಏನೇನು ಮಾಡಿಸಿದರು ಎಂಬುದನ್ನು ನನ್ನಂಥವರು ಓದಲಿ ಎಂದು ಬರೆಯುತ್ತಿದ್ದೇನೆ. ಊರು, ಆಸ್ಪತ್ರೆ, ಜನರ ಹೆಸರು ಬೇಡ. ನಡುಕರ್ನಾಟಕದ ಒಂದು ಜಿಲ್ಲಾಸ್ಪತ್ರೆ ಎಂದರೆ ಸಾಕು.

ಮೊದಲ ವರ್ಷ ಹೀಗಾಗಿರಲಿಲ್ಲ. 2020ರ ಮಾರ್ಚಿನಲ್ಲಿ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು ದೇಶದ ಮೊದಲ ಕೋವಿಡ್ ಸಾವು ಎಂದು ಗೊತ್ತಾಯಿತು. ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಗೂ ಸೋಂಕು ತಗುಲಿದೆ ಎಂಬ ಸುದ್ದಿ ಅದರ ಬೆನ್ನಿಗೇ ಬಂತು. ಆವತ್ತು ನಮ್ಮ ಡ್ಯೂಟಿ ರೂಮಿನಲ್ಲಿ ಯಾರೂ ಟೀ ಮುಟ್ಟಲಿಲ್ಲ. ಜೊತೆಯ ಸಿಸ್ಟರೊಬ್ಬರಿಗೆ ಬಾಡಿಗೆ ಮನೆಯ ಮಾಲೀಕರು "ಇದೆಲ್ಲ ಮುಗಿಯೋ ತನಕ ಈ ಕಡೆ ಬರಬೇಡಿ" ಎಂದರು. ಮನೆ ಮನೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಕೈಮಾಡಿದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ನಮ್ಮ ಮೇಲೆ ಹಲ್ಲೆ ಮಾಡಿ ಗಂಭೀರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಜೈಲು ಎಂದು ಅದರಲ್ಲಿತ್ತು. ಕೆಲಸಕ್ಕೆ ಹೋಗಲು ಇಂಥದ್ದೊಂದು ಕಾನೂನು ಬೇಕಾಯಿತಲ್ಲ ಎಂದು ಬಹಳ ನೊಂದುಕೊಂಡಿದ್ದೆ.

ಆದರೂ ಆ ವರ್ಷ ಕೈ ನಡುಗಲಿಲ್ಲ. ಯಾಕೆ ಎಂಬುದು ನನಗೆ ಬಹಳ ತಡವಾಗಿ ಅರ್ಥವಾಯಿತು. ರೋಗಿಗಳು ಬರುವ ಮೊದಲೇ ಇನ್‌ಚಾರ್ಜ್ ಸಿಸ್ಟರ್ ನಮ್ಮನ್ನು ಖಾಲಿ ವಾರ್ಡಿಗೆ ಕರೆದೊಯ್ದು ಕಿಟ್ ಹಾಕುವುದನ್ನು, ಅದಕ್ಕಿಂತ ಹೆಚ್ಚಾಗಿ ಬಿಚ್ಚುವುದನ್ನು, ಬೇಜಾರಾಗುವಷ್ಟು ಸಲ ಮಾಡಿಸಿದ್ದರು. ಹೊರಗಿನ ಗ್ಲೌಸ್ ಮೊದಲು, ಪ್ರತಿ ಹಂತಕ್ಕೂ ಕೈಗೆ ಸ್ಯಾನಿಟೈಸರ್, ಎನ್-95 ಕೊನೆಗೆ, ಅದೂ ಮುಂಭಾಗ ಮುಟ್ಟದೆ ಹಿಂದಿನ ಪಟ್ಟಿ ಹಿಡಿದು. ಒಬ್ಬರು ಬಿಚ್ಚುವಾಗ ಇನ್ನೊಬ್ಬರು ಎದುರು ನಿಂತು ನೋಡಬೇಕು. ಹೀಗೆ ಮೈಗೂಡಿದ್ದರಿಂದ, ಎದೆ ಡವಗುಟ್ಟುತ್ತಿದ್ದರೂ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

ಎರಡನೇ ಅಲೆಗೆ ಅಂಥ ಯಾವ ತಯಾರಿಯೂ ಇರಲಿಲ್ಲ. 2021ರ ಜನವರಿ 16ರಂದು ಲಸಿಕೆ ಶುರುವಾದಾಗ ಮೊದಲ ಸಾಲು ನಮ್ಮದೇ. ಏಪ್ರಿಲ್ ಹೊತ್ತಿಗೆ ಎರಡೂ ಡೋಸ್ ಆಗಿತ್ತು, ನನ್ನ ಪ್ರಾಣದ ಹೆದರಿಕೆ ಅರ್ಧಕ್ಕರ್ಧ ಇಳಿದಿತ್ತು. ಆದರೆ ನಾನು ಕುಗ್ಗತೊಡಗಿದ್ದು ಆಗಲೇ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ದೃಢಪಟ್ಟಿತು. ನಮ್ಮ ವಾರ್ಡಿನಲ್ಲಿ ಬೆಡ್ಡುಗಳ ನಡುವೆ ಟ್ರಾಲಿ ತಳ್ಳಲು ಜಾಗವಿರಲಿಲ್ಲ. ಮೂರು ತಿಂಗಳ ಗುತ್ತಿಗೆಯ ಮೇಲೆ ಬಂದ ಹುಡುಗಿಯರು ಮೂಗಿನ ಮೂಲಕ ಜೋರಾಗಿ ಆಮ್ಲಜನಕ ಹರಿಸುವ ಹೈ ಫ್ಲೋ ಯಂತ್ರವನ್ನು ಮೊದಲ ಸಲ ಕಣ್ಣಲ್ಲಿ ನೋಡಿದ್ದೇ ಅಲ್ಲಿ. ನಿಜ ಹೇಳಬೇಕೆಂದರೆ ನಾನೂ ಅಷ್ಟೇ. ಅದರ ನಳಿಗೆ, ನೀರಿನ ಚೇಂಬರು, ಅಲಾರಾಂ ಎಲ್ಲವನ್ನೂ ರೋಗಿಗೆ ಹಚ್ಚಿಕೊಂಡೇ ಕಲಿತೆವು.

ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ಎನ್‌ಆರ್‌ಬಿಎಂ ಎಂಬ ಚೀಲವಿರುವ ಆಮ್ಲಜನಕದ ಮಾಸ್ಕಿಗೆ ನಿಮಿಷಕ್ಕೆ 15 ಲೀಟರಿನಂತೆ ಬಿಟ್ಟರೆ ಎಂಟು ಗಂಟೆ ಬರುವುದಿಲ್ಲ. ಹೈ ಫ್ಲೋ ಯಂತ್ರದಲ್ಲಿ ನಿಮಿಷಕ್ಕೆ 50 ಲೀಟರ್ ಬೇಕಾದ ರೋಗಿ ಇದ್ದರೆ ಅಷ್ಟೇ ಆಮ್ಲಜನಕ ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬರನ್ನು ಹೈ ಫ್ಲೋಗೆ ಹಾಕಿದರೆ ಮಾಸ್ಕಿನಲ್ಲಿರುವ ಮೂವರ ಪಾಲು ಹೋಯಿತು. ಈ ಲೆಕ್ಕ ನಮ್ಮೆಲ್ಲರ ತಲೆಯಲ್ಲಿ ಇಪ್ಪತ್ನಾಲ್ಕು ಗಂಟೆ ಓಡುತ್ತಿತ್ತು. ಸಿಲಿಂಡರುಗಳನ್ನು ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್ ರೂಮಿನ ಹುಡುಗ ಫೋನ್ ಮಾಡಿದರೆ ಎತ್ತಲು ಭಯ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತ ಆ ರಾತ್ರಿಯ ಸುದ್ದಿ ಬಂದ ಮೇಲಂತೂ ರಾತ್ರಿ ಪಾಳಿಗೆ ಹೋಗುವಾಗ ಮೊದಲು ಆ ರೂಮಿಗೆ ಹೋಗಿ ತುಂಬಿದ ಸಿಲಿಂಡರು ಎಷ್ಟಿವೆ ನೋಡಿಯೇ ವಾರ್ಡಿಗೆ ಬರುತ್ತಿದ್ದೆ. ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಿ ಎಂದು ಹೈಕೋರ್ಟು ಕೇಂದ್ರಕ್ಕೆ ಹೇಳಿದ್ದು, ಸುಪ್ರೀಂ ಕೋರ್ಟು ಅದನ್ನು ತಡೆಯದೆ ಬಿಟ್ಟದ್ದು ಅದೇ ವಾರ. ಮೇ 11ಕ್ಕೆ ಜಮ್ಶೆಡ್‌ಪುರದಿಂದ ಮೊದಲ ಆಕ್ಸಿಜನ್ ರೈಲು ವೈಟ್‌ಫೀಲ್ಡಿಗೆ ಬಂತು. ಹೊರಗೆ ಟನ್ನುಗಳ ಲೆಕ್ಕ ನಡೆಯುತ್ತಿದ್ದಾಗ ನಾವು ಒಳಗೆ ನಾಬ್ ಹಿಡಿದು, ಯಾರಿಗೆ ಎರಡು ಲೀಟರ್ ಕಡಿಮೆ ಮಾಡಿದರೆ ತಡೆದುಕೊಂಡಾರು ಎಂದು ಮುಖ ಮುಖ ನೋಡುತ್ತಿದ್ದೆವು.

ಹದಿನಾಲ್ಕನೇ ಬೆಡ್ಡಿನಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಇದ್ದ. ನನ್ನನ್ನು ಅಕ್ಕಾ ಎನ್ನುತ್ತಿದ್ದ. 15 ಲೀಟರಿನ ಮೇಲೂ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, 84ರ ಆಸುಪಾಸು ಆಡುತ್ತಿತ್ತು. ಬೋರಲು ಮಲಗಿಸಿದರೆ ಸ್ವಲ್ಪ ಏರುತ್ತಿತ್ತು, ಅವನು ಸುಸ್ತಾಗಿ ಮಗ್ಗಲು ಬದಲಿಸಿದರೆ ಮತ್ತೆ ಇಳಿಯುತ್ತಿತ್ತು. ಡ್ಯೂಟಿ ಡಾಕ್ಟರಿಗೆ ಹೇಳಿದೆ, ಅವರು ಐಸಿಯು ಪಟ್ಟಿಗೆ ಹೆಸರು ಬರೆಸಿದರು. ಐಸಿಯುನಲ್ಲಿ ಜಾಗವಿರಲಿಲ್ಲ. ರಾತ್ರಿ ಅವನ ಲೈನ್, ಅಂದರೆ ಕೈಯಲ್ಲಿದ್ದ ಕ್ಯಾನುಲಾ, ಕೆಟ್ಟುಹೋಯಿತು. ನನಗೆ ಎರಡು ಜೊತೆ ಗ್ಲೌಸು, ಮಂಜು ಕವಿದ ಗಾಗಲ್ಲು. ಅವನ ಕೈಯಲ್ಲಿ ಊತ, ನಾಳಗಳೆಲ್ಲ ಕುಗ್ಗಿದ್ದವು. ಮುಟ್ಟಿ ನೋಡಿ ನಾಳ ಹಿಡಿಯುವುದು ನನ್ನ ರೂಢಿ, ಆ ಗ್ಲೌಸಿನಲ್ಲಿ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಬಹಳ ಹೊತ್ತು ಹಿಡಿಯಿತು. "ಇರ್ಲಿ ಬಿಡಕ್ಕಾ, ನಿಧಾನಕ್ಕೆ ಹಾಕು" ಎಂದು ಅವನೇ ನನಗೆ ಸಮಾಧಾನ ಹೇಳಿದ. ಕೊನೆಗೆ ಲೈನ್ ಸಿಕ್ಕಿತು, ಔಷಧಿಯೂ ಹೋಯಿತು. ಬೆಳಕು ಹರಿಯುವ ಮೊದಲೇ ಅವನು ತೀರಿಕೊಂಡ. ಗೇಟಿನ ಹೊರಗೆ ಅವನ ತಂದೆ ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ಮಗನಿಗೆ ಕೊಡಿ ಎಂದು ಹಿಂದಿನ ಸಂಜೆಯಿಂದ ಕಾದಿದ್ದರಂತೆ.

ಆ ತಿಂಗಳು ಸತ್ತವರು ಅವನೊಬ್ಬನೇ ಅಲ್ಲ. ಆದರೆ ಅಲೆ ಇಳಿದ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ಅವನು. ಆ ಲೈನ್ ಬೇಗ ಸಿಕ್ಕಿದ್ದರೆ? ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ?

ನಿದ್ದೆ ಮೂರು ಗಂಟೆಗೆ ಮುರಿಯುತ್ತಿತ್ತು. ಮನೆಯಲ್ಲಿ ಕುಕ್ಕರ್ ಕೂಗಿದರೂ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಸಿರಿಂಜಿನ ಮೇಲಿನ ಲೇಬಲ್ಲನ್ನು ಓದಿ, ಕೆಳಗಿಟ್ಟು, ಮತ್ತೆ ಎತ್ತಿ ಓದುತ್ತಿದ್ದೆ. ಗುಣವಾಗಿ ಮನೆಗೆ ಹೊರಟ ರೋಗಿ ಕೈಮುಗಿದರೆ ಏನೂ ಅನ್ನಿಸುತ್ತಿರಲಿಲ್ಲ, ಸಂತೋಷವೂ ಇಲ್ಲ, ಸಂಕಟವೂ ಇಲ್ಲ. ಮಗಳು ಆನ್‌ಲೈನ್ ಕ್ಲಾಸಿನ ನಡುವೆ ಏನೋ ಕೇಳಲು ಬಂದರೆ ರೇಗುತ್ತಿದ್ದೆ. ನಮ್ಮ ಮನೆಯವರು, "ನೀನು ಮೊದಲಿನ ಹಾಗಿಲ್ಲ, ಯಾರಿಗಾದ್ರೂ ತೋರಿಸೋಣ" ಎಂದು ಎರಡು ಮೂರು ಬಾರಿ ಹೇಳಿದರು. ಏನಂತ ತೋರಿಸುವುದು? ಜ್ವರವಿಲ್ಲ, ನೋವಿಲ್ಲ.

ಆಗಲೇ ಸನ್ಮಾನಗಳು ಶುರುವಾದವು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, 'ಕೊರೊನಾ ವಾರಿಯರ್' ಎಂಬ ಫಲಕ. ಮಾಡಿದವರದು ಒಳ್ಳೆಯ ಮನಸ್ಸು, ಅದರಲ್ಲಿ ಸಂಶಯವಿಲ್ಲ. ನನಗೆ ಮಾತ್ರ ಆ ವೇದಿಕೆಯ ಮೇಲೆ ಕುಳಿತಿರುವುದು ಹಿಂಸೆಯಾಯಿತು. ಇವರು ಹೊಗಳುತ್ತಿರುವುದು ಯಾರನ್ನೋ, ನಾನು ಕ್ಯಾನುಲಾ ಹಾಕಲಾರದವಳು ಎಂದು ಅನ್ನಿಸುತ್ತಿತ್ತು. ಇಲಾಖೆಯ ಕಡೆಯಿಂದ ಮನಸ್ಸಿನ ಆರೋಗ್ಯದ ಆನ್‌ಲೈನ್ ತರಗತಿಗಳೂ ನಡೆದವು. ರಾತ್ರಿ ಪಾಳಿ ಮುಗಿಸಿದವರು ಬೆಳಿಗ್ಗೆ ಹತ್ತು ಗಂಟೆಗೆ ಮೊಬೈಲ್ ಹಿಡಿದು ಉಸಿರಾಟದ ಅಭ್ಯಾಸ ಮಾಡಬೇಕು, ಹಾಜರಿ ಕಡ್ಡಾಯ. ಆ ಎರಡು ಗಂಟೆ ಮಲಗಲು ಬಿಟ್ಟಿದ್ದರೆ ಅದೇ ಹೆಚ್ಚು ಉಪಕಾರವಾಗುತ್ತಿತ್ತು.

ಫೋನ್ ಮಾಡಿದ್ದು ಒಂದು ರಾತ್ರಿ, ಮಾಳಿಗೆಯ ಮೇಲೆ ನಿಂತು. ನಿಮ್ಹಾನ್ಸಿನವರು 2020ರ ಮಾರ್ಚ್ ಕೊನೆಗೆ ಶುರುಮಾಡಿದ್ದ ಸಹಾಯವಾಣಿ, 080-46110007. ಅದರ ಪೋಸ್ಟರನ್ನು ವಾರ್ಡಿನ ಬಾಗಿಲಿಗೆ ನಾನೇ ಅಂಟಿಸಿದ್ದೆ, ರೋಗಿಗಳ ಕಡೆಯವರಿಗೆಂದು. ಅತ್ತಲಿಂದ ಕನ್ನಡದಲ್ಲಿ ಮಾತಾಡಿದ ಹೆಣ್ಣುಮಗಳು ನಿದ್ದೆ ಹೇಗಿದೆ, ಊಟ ಸೇರುತ್ತಾ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಆಮೇಲೆ ದನಿ ಬದಲಿಸದೆ, "ಬದುಕೋದು ಬೇಡ ಅಂತ ಯಾವಾಗಾದ್ರೂ ಅನ್ನಿಸಿದೆಯಾ?" ಎಂದರು. ಅಂಥ ಯೋಚನೆ ಬಂದಿರಲಿಲ್ಲ, ಹಾಗೆಂದು ಹೇಳಿದೆ. ಆದರೆ ಒಬ್ಬರು ಅಷ್ಟು ನೇರವಾಗಿ ಕೇಳಿದ್ದರಿಂದಲೇ ನನ್ನ ಗಂಟಲು ಬಿಟ್ಟಿತು. ಕ್ಯಾನುಲಾದ ವಿಷಯ ಮೊದಲು ಬಾಯಿಬಿಟ್ಟು ಹೇಳಿದ್ದು ಅವರಿಗೇ. ಅವರು ಧೈರ್ಯ ತುಂಬಲು ಹೋಗಲಿಲ್ಲ. "ಇದು ಫೋನಲ್ಲಿ ಮುಗಿಯೋದಲ್ಲ ಸಿಸ್ಟರ್. ನಿಮ್ಮ ಜಿಲ್ಲೆಯಲ್ಲೇ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ, ಹೋಗಿ ಕೂತು ಮಾತಾಡಿ" ಎಂದರು.

ಆ ತಂಡ ಇದ್ದದ್ದು ನನ್ನ ಆಸ್ಪತ್ರೆಯಲ್ಲೇ, ನಾನು ದಿನಾ ಓಡಾಡುವ ಕಾರಿಡಾರಿನ ತುದಿಯಲ್ಲಿ. ಅಲ್ಲಿ ಓಪಿ ಚೀಟಿ ಹಿಡಿದು ಕುಳಿತರೆ ಮಧ್ಯಾಹ್ನದೊಳಗೆ ಇಡೀ ಆಸ್ಪತ್ರೆಗೆ ಗೊತ್ತಾಗುತ್ತದೆ. ಆದ್ದರಿಂದ ನಾನು ಬೇರೆ ದಾರಿ ಹಿಡಿದೆ. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವಿದೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಹೊರರೋಗಿಗಳನ್ನು ನೋಡುತ್ತಾರೆ. ಸಿಬ್ಬಂದಿಯ ಬಾಯಲ್ಲಿ ಅದು ಸೂಪರ್ ಟ್ಯೂಸ್‌ಡೇ ಕ್ಲಿನಿಕ್. ವಾರದ ರಜೆಯನ್ನು ಮಂಗಳವಾರಕ್ಕೆ ಹಾಕಿಸಿಕೊಂಡು ದೂರದ ತಾಲ್ಲೂಕಿಗೆ ಬಸ್ ಹತ್ತಿದೆ. ಬಂದದ್ದು ನಮ್ಮ ಜಿಲ್ಲೆಯ ಅದೇ ತಂಡ. ಡಾಕ್ಟರು ನನ್ನ ಮುಖ ನೋಡಿ ಗುರುತು ಹಿಡಿದರು, ಆದರೆ ಇಲ್ಲಿಗೇಕೆ ಬಂದಿರಿ ಎಂದು ಕೇಳಲಿಲ್ಲ. ಆ ಮರ್ಯಾದೆಯನ್ನು ನಾನು ಮರೆಯುವುದಿಲ್ಲ.

ಬೆಂಚಿನ ಮೇಲೆ ಸರತಿಗೆ ಕಾಯುವಾಗ ನನ್ನ ಪಕ್ಕ ಮಗನನ್ನು ಕರೆತಂದ ಒಬ್ಬ ಅಜ್ಜಿ, ಆಚೆ ಮದ್ಯ ಬಿಡಲು ಬಂದ ಗಾರೆ ಕೆಲಸದವರು. ಹಳ್ಳಿಯ ಜನ ಮನೋವೈದ್ಯರನ್ನು ಹುಡುಕಿಕೊಂಡು ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕಾಗಿದ್ದ ಕಾಲ ಒಂದಿತ್ತು. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮಾನಸಿಕ ರೋಗಿಗಳನ್ನು ಊರ ಹತ್ತಿರವೇ ನೋಡುವ ಪ್ರಯೋಗ ಮಾಡಿದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಬಳ್ಳಾರಿ ಮಾದರಿಯನ್ನು ಇಟ್ಟುಕೊಂಡೇ. ನರ್ಸಿಂಗ್ ಓದುವಾಗ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಆ ಬೆಂಚಿನ ಮೇಲೆ ಕುಳಿತಾಗ ಅದು ನನಗಾಗಿಯೂ ಇರುವ ವ್ಯವಸ್ಥೆ ಎಂದು ಮೊದಲ ಸಲ ಅನ್ನಿಸಿತು.

ಮೊದಲು ಖಿನ್ನತೆ ಅಳೆಯುವ ಒಂದು ಪ್ರಶ್ನಾವಳಿ ತುಂಬಿಸಿದರು, ಪಿಎಚ್‌ಕ್ಯೂ-9. ಕಳೆದ ಎರಡು ವಾರದಲ್ಲಿ ಬೇಸರ, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆ ಕೀಳುಭಾವ ಇಂಥವು ಎಷ್ಟು ದಿನ ಕಾಡಿದವು ಎಂದು ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಒಟ್ಟು 27ರಲ್ಲಿ ಹತ್ತು ಮುಟ್ಟಿದರೆ ಸುಮ್ಮನೆ ಬಿಡುವ ಹಾಗಿಲ್ಲ. ನನ್ನದು ದಾಟಿತ್ತು. ತಂಡದಲ್ಲಿದ್ದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನಾವೆಲ್ಲ ಸರ್ ಎನ್ನುವವರು, ಇನ್ನೊಂದು ಹಾಳೆ ಕೊಟ್ಟರು. ಅದು ಸ್ವಸಾಮರ್ಥ್ಯದ ನಂಬಿಕೆಯನ್ನು, ಅಂದರೆ ಇದು ನನ್ನಿಂದ ಆಗುತ್ತದೆ ಎಂಬ ನಂಬಿಕೆಯನ್ನು, ಅಳೆಯುವಂಥದ್ದು, ಜರ್ಮನಿಯ ಶ್ವಾರ್ಟ್ಸರ್ ಮತ್ತು ಯೆರೂಸಲೇಮ್ ಎಂಬ ಮನೋವಿಜ್ಞಾನಿಗಳು ರೂಪಿಸಿದ್ದು. ಅನಿರೀಕ್ಷಿತವಾದದ್ದು ಎದುರಾದರೆ ನಿಭಾಯಿಸಬಲ್ಲೆನೇ, ಅಡ್ಡಿ ಬಂದರೆ ದಾರಿ ಹುಡುಕಬಲ್ಲೆನೇ ಎಂಬ ಧಾಟಿಯ ಹತ್ತು ಹೇಳಿಕೆಗಳು, ಒಂದರಿಂದ ನಾಲ್ಕು ಅಂಕ. ಅತಿ ಕಡಿಮೆ ಎಂದರೆ ಹತ್ತು, ಅತಿ ಹೆಚ್ಚು ನಲವತ್ತು. ಮನೆಯ ವಿಷಯ ಮನಸ್ಸಿನಲ್ಲಿಟ್ಟುಕೊಂಡು ಓದಿದಾಗ ಮೂರು, ನಾಲ್ಕು ಹಾಕುತ್ತಿದ್ದೆ. ವಾರ್ಡನ್ನು ನೆನೆಸಿಕೊಂಡರೆ ಒಂದು. ಯಾವುದನ್ನು ಬರೆಯಲಿ ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟು, "ನೀವು ಈಗ ಕೇಳಿದ್ದೇ ನನಗೆ ಬೇಕಾಗಿತ್ತು ಸಿಸ್ಟರ್. ನಿಮ್ಮ ನಂಬಿಕೆ ಪೂರ್ತಿ ಹೋಗಿಲ್ಲ, ಒಂದು ಕಡೆ ಹೋಗಿದೆ" ಎಂದರು.

ಡಾಕ್ಟರು ಎಸ್ಸಿಟಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಬರೆದರು. ಆ ಮಾತ್ರೆಯನ್ನು ಎಷ್ಟೋ ರೋಗಿಗಳ ಕೈಗೆ ನಾನೇ ಕೊಟ್ಟಿದ್ದೇನೆ, ಆದರೂ ನನ್ನ ಚೀಟಿಯ ಮೇಲೆ ಕಂಡಾಗ ಹೆದರಿದೆ. ಚಟವಾಗುವ ಮಾತ್ರೆಯಲ್ಲ, ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು, ವಾಸಿಯಾಯಿತೆಂದು ಒಮ್ಮೆಲೇ ನಿಲ್ಲಿಸಬಾರದು ಎಂದು ಅವರು ಒಬ್ಬ ರೋಗಿಗೆ ಹೇಳುವಂತೆಯೇ ಎಲ್ಲ ಬಿಡಿಸಿ ಹೇಳಿದರು. ನರ್ಸ್ ಅಲ್ಲವೇ, ಗೊತ್ತಿರುತ್ತದೆ ಎಂದು ಬಿಟ್ಟುಬಿಡಲಿಲ್ಲ. ಮೊದಲು ಸರಿಯಾದದ್ದು ನಿದ್ದೆ. ಉಳಿದದ್ದಕ್ಕೆ ಮಾತ್ರೆಯೊಂದೇ ಸಾಲುತ್ತಿರಲಿಲ್ಲ.

ಮುಂದಿನ ಮಂಗಳವಾರ ಸರ್ ನನಗೆ ಒಂದು ಕೆಲಸ ಕೊಟ್ಟರು. ಹದಿನಾಲ್ಕನೇ ಬೆಡ್ಡಿನ ಆ ರಾತ್ರಿಯನ್ನು ಗಂಟೆ ಗಂಟೆಗೆ ಬರೆಯಬೇಕು. ಹಾಳೆಯ ನಡುವೆ ಗೆರೆ ಎಳೆದು ಎಡಗಡೆ ನನ್ನ ಕೈಯಲ್ಲಿದ್ದದ್ದು, ಬಲಗಡೆ ಇಲ್ಲದ್ದು. ವಾರಗಟ್ಟಲೆ ಮುಂದೂಡಿ ಕೊನೆಗೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕುಳಿತು ಬರೆದೆ. ಬೋರಲು ಮಲಗಿಸಿದ್ದು, ಡಾಕ್ಟರಿಗೆ ತಿಳಿಸಿದ್ದು, ಮಾಸ್ಕಿನ ಚೀಲ ಸರಿಯಾಗಿ ಉಬ್ಬುತ್ತಿದೆಯೇ ಎಂದು ಮತ್ತೆ ಮತ್ತೆ ನೋಡಿದ್ದು, ಅವನ ಅಮ್ಮನಿಗೆ ವಿಡಿಯೊ ಕಾಲ್ ಹಚ್ಚಿಕೊಟ್ಟದ್ದು, ಲೈನ್ ಹಾಕಿದ್ದು, ಔಷಧಿ ಹೊತ್ತಿಗೆ ಹೋದದ್ದು ಎಡಗಡೆ ಬಂದವು. ಐಸಿಯು ಬೆಡ್ಡು, ಹೈ ಫ್ಲೋ ಯಂತ್ರ, ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂಬುದು, ಅವನು ಎಷ್ಟು ತಡವಾಗಿ ಆಸ್ಪತ್ರೆಗೆ ಬಂದ ಎಂಬುದು ಬಲಗಡೆ. ಬರೆದು ಮುಗಿಸಿದಾಗ ಎಡಗಡೆ ಬಿಟ್ಟುಹೋದ ಕೆಲಸ ಯಾವುದೂ ಇರಲಿಲ್ಲ. ಅಷ್ಟು ಹೊತ್ತು ಹಿಡಿದ ಲೈನೂ ಔಷಧಿಯ ಹೊತ್ತನ್ನು ತಪ್ಪಿಸಿರಲಿಲ್ಲ. ಅದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಅವತ್ತು ನಾನು ಅತ್ತುಬಿಟ್ಟೆ, ಅವನು ಹೋದ ಮೇಲೆ ಮೊದಲ ಸಲ.

ಆಮೇಲಿನ ಮಾತು ಬಂಡೂರ ಅವರ ಬಗ್ಗೆ. ಆಲ್ಬರ್ಟ್ ಬಂಡೂರ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದ ಮನೋವಿಜ್ಞಾನಿ. ಸ್ವಸಾಮರ್ಥ್ಯದ ನಂಬಿಕೆ ಎಂಬ ವಿಚಾರವನ್ನು 1977ರಲ್ಲಿ ಸಿದ್ಧಾಂತವಾಗಿ ಮಂಡಿಸಿದವರು. ನಾನು ತಾಲ್ಲೂಕು ಆಸ್ಪತ್ರೆಗೆ ಓಡಾಡುತ್ತಿದ್ದ ಆ 2021ರ ಜುಲೈ 26ರಂದು ಅವರು ತಮ್ಮ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾವೆಂದರೆ ಜೀವ ಬಿಡುವಷ್ಟು ಹೆದರುವ ಜನರೊಂದಿಗೆ ಅವರು ಮಾಡಿದ ಕೆಲಸವನ್ನು ಸರ್ ವಿವರಿಸಿದರು. ಮೊದಲು ಬೇರೆಯವರು ಹಾವು ಹಿಡಿಯುವುದನ್ನು ದೂರದಿಂದ ನೋಡುವುದು, ಆಮೇಲೆ ಹತ್ತಿರ ಬರುವುದು, ಗ್ಲೌಸ್ ಹಾಕಿ ಮುಟ್ಟುವುದು, ಕೊನೆಗೆ ಬರಿಗೈಯಲ್ಲಿ ಹಿಡಿಯುವುದು. ಪಕ್ಕದಲ್ಲಿ ಗೊತ್ತಿರುವವರು ಇರುತ್ತಾರೆ, ಹಂತ ಹಂತವಾಗಿ ಹಿಂದೆ ಸರಿಯುತ್ತಾರೆ. ಹಾಗೆ ಭಯ ಬಿಟ್ಟವರಿಗೆ ಬೇರೆ ವಿಷಯಗಳಲ್ಲೂ ಧೈರ್ಯ ಬಂದಿತ್ತು ಎಂಬುದೇ ಬಂಡೂರ ಅವರನ್ನು ಯೋಚನೆಗೆ ಹಚ್ಚಿತಂತೆ.

ಬಂಡೂರ ಅವರ ಪ್ರಕಾರ ನಂಬಿಕೆಗೆ ನಾಲ್ಕು ಮೂಲಗಳು. ನಾವೇ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಗಟ್ಟಿಯಾದದ್ದು. ನಮ್ಮಂಥವರೇ ಮಾಡುವುದನ್ನು ಕಣ್ಣಾರೆ ಕಾಣುವುದು ಇನ್ನೊಂದು. ನಿನ್ನಿಂದ ಆಗುತ್ತದೆ ಎಂದು ಇತರರು ಹೇಳುವ ಮಾತು ಮತ್ತೊಂದು, ಆದರೆ ಅದಕ್ಕೆ ಬಲ ಕಡಿಮೆ. ಕೊನೆಯದು ನಮ್ಮ ಮೈ ಹೇಳುವುದು. ಎದೆ ಡವಗುಟ್ಟಿದರೆ, ಕೈ ಬೆವರಿದರೆ, ಇದು ನನ್ನಿಂದಾಗದು ಎಂದು ನಾವೇ ಓದಿಕೊಳ್ಳುತ್ತೇವೆ. ಇದನ್ನು ಕೇಳುತ್ತಾ ನನಗೆ ಶಾಲು, ಪೇಟ ಎಲ್ಲ ಯಾಕೆ ತಗುಲಲಿಲ್ಲ ಎಂಬುದು ಹೊಳೆಯಿತು. ಎರಡು ತಿಂಗಳು ಏನೇ ಮಾಡಿದರೂ ರೋಗಿ ಉಳಿಯದ ಅನುಭವವನ್ನು ಒಂದು ಗಂಟೆಯ ಹೊಗಳಿಕೆ ಹೇಗೆ ಅಳಿಸೀತು? ಮೊದಲ ವರ್ಷ ಖಾಲಿ ವಾರ್ಡಿನಲ್ಲಿ ಕಿಟ್ ಬಿಚ್ಚಿಸಿದ ಇನ್‌ಚಾರ್ಜ್ ಸಿಸ್ಟರ್ ಬಂಡೂರ ಅವರನ್ನು ಓದಿದವರಲ್ಲ, ಆದರೆ ಮಾಡಿದ್ದು ಅದನ್ನೇ.

ಅವರ ಬಳಿಗೇ ಹೋದೆ. ನಿವೃತ್ತಿಗೆ ಹತ್ತಿರವಾದವರು, ಮಾತು ಕಡಿಮೆ. ಎಲ್ಲ ಹೇಳಿದೆ. "ನನಗೆ ಗೊತ್ತಿತ್ತು ಕಣೇ. ನೀನಾಗೇ ಬರ್ತೀಯ ಅಂತ ಸುಮ್ನಿದ್ದೆ" ಎಂದರು. ಮೊದಲ ವಾರ ನಾನು ಬರೀ ನೋಡಬೇಕು ಎಂದು ತೀರ್ಮಾನವಾಯಿತು. ಅವರು ನಾನು ನೋಡಲೆಂದು ಆರಿಸಿದ್ದು ತಮ್ಮನ್ನಲ್ಲ, ಗುತ್ತಿಗೆಯ ಹುಡುಗಿಯೊಬ್ಬಳನ್ನು. ಅವಳ ಕೈಯೂ ನಡುಗುತ್ತಿತ್ತು. ನಡುಗುವ ಕೈಯಲ್ಲೇ ಅವಳು ಲೈನ್ ಹಾಕುತ್ತಿದ್ದಳು. ತಪ್ಪಿದರೆ ಅಜ್ಜಿಯ ಹತ್ತಿರ "ಸ್ವಲ್ಪ ತಡ್ಕೊಳ್ಳಿ ಅಜ್ಜಿ, ಇನ್ನೊಂದು ಕಡೆ ನೋಡ್ತೀನಿ" ಎಂದು ಬೇರೆ ನಾಳ ಹಿಡಿಯುತ್ತಿದ್ದಳು. ಕೈ ನಡುಗುವುದು ಬೇರೆ, ಕೆಲಸ ಬಾರದಿರುವುದು ಬೇರೆ ಎಂಬುದನ್ನು ನಾನು ಕಲಿತದ್ದು ನನಗಿಂತ ಹದಿನೈದು ವರ್ಷ ಕಿರಿಯಳಾದ ಆ ಹುಡುಗಿಯಿಂದ.

ಎರಡನೇ ಹಂತದಲ್ಲಿ, ಆಪರೇಷನ್ನಿಗೆ ಮುಂಚೆ ಲೈನ್ ಬೇಕಾದ ಗಟ್ಟಿಮುಟ್ಟಾದ ಗಂಡಸರು. ಹೊಲದಲ್ಲಿ ದುಡಿದ ಕೈಗಳು, ನಾಳ ಎದ್ದು ಕಾಣುತ್ತದೆ. ಇನ್‌ಚಾರ್ಜ್ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು. ಕ್ಯಾನುಲಾದ ಹಿಂಭಾಗದಲ್ಲಿ ರಕ್ತ ಕಂಡಾಗ ನನ್ನ ಬೆನ್ನು ಪೂರಾ ಒದ್ದೆಯಾಗಿತ್ತು. ಅವರು "ಸರಿ" ಎಂದಷ್ಟೇ ಹೇಳಿ ಹೋದರು. ಮುಂದಿನ ಸಲ ಬಾಗಿಲ ಹತ್ತಿರ ನಿಂತರು, ಆಮೇಲೆ ಬರಲಿಲ್ಲ. ಎಲ್ಲವೂ ನೆಟ್ಟಗೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ನಡುವೆ ಒಂದು ದಿನ ಊತ ಬಂದ ಕೈ ನೋಡಿ ಟ್ರೇ ಇಟ್ಟು ಹೊರಗೆ ಹೋಗಿ ನಿಂತದ್ದಿದೆ. ಸರ್ ಅದಕ್ಕೆ, "ಹೊರಗೆ ಹೋಗಿ ಎಷ್ಟೊತ್ತಿಗೆ ಒಳಗೆ ಬಂದ್ರಿ?" ಎಂದು ಮಾತ್ರ ಕೇಳಿದರು. ಬೇಗನೇ ಬಂದಿದ್ದೆ. ಅದನ್ನು ಬರೆದುಕೊಳ್ಳಿ ಎಂದರು. ದೀಪಾವಳಿಯ ಹೊತ್ತಿಗೆ ಮಕ್ಕಳ ವಾರ್ಡಿನಿಂದ ಮತ್ತೆ ಕರೆ ಬಂತು, ಹೋದೆ.

ಇಷ್ಟು ಬರೆದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ನನ್ನ ನಂಬಿಕೆ ಮರಳಿದ್ದರಲ್ಲಿ ನನ್ನ ಮನಸ್ಸಿನ ಪಾಲು ಇದ್ದಷ್ಟೇ ವಾರ್ಡಿನ ಪಾಲೂ ಇದೆ. ಆ ತಿಂಗಳುಗಳಲ್ಲಿ ರೋಗಿಗಳು ಕಡಿಮೆ ಇದ್ದರು, ರಜೆ ಸಿಗುತ್ತಿತ್ತು, ಪಕ್ಕದಲ್ಲಿ ನಿಲ್ಲಲು ಒಬ್ಬ ಹಿರಿಯರಿಗೆ ಪುರುಸೊತ್ತಿತ್ತು. ಮೇ ತಿಂಗಳಿನಲ್ಲಿ ಬಂಡೂರ ಅವರೇ ಬಂದು ಹೇಳಿದ್ದರೂ ಏನೂ ಆಗುತ್ತಿರಲಿಲ್ಲ. ಸಿಲಿಂಡರು ಇಲ್ಲದ ಕಡೆ, ಒಬ್ಬ ನರ್ಸಿಗೆ ಮೂವತ್ತು ರೋಗಿಗಳಿರುವ ಕಡೆ ಆತ್ಮವಿಶ್ವಾಸದ ಪಾಠ ಹೇಳುವುದು ಅನ್ಯಾಯ. ಅಲ್ಲಿ ಕೈಲಾಗದ್ದು ನರ್ಸಿನದಲ್ಲ. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ನಿಗದಿ ಮಾಡಿ ಎಂದು ಕೆಲಸ ನಿಲ್ಲಿಸಿದಾಗ, ಸಾಂಕ್ರಾಮಿಕದ ನಡುವೆ ಇದೇನು ಎಂದು ಬೈದವರಿದ್ದರು. ಅವರು ಕೇಳಿದ್ದು ಮನಸ್ಸಿನ ಆರೋಗ್ಯಕ್ಕೆ ಬೇಕಾದದ್ದನ್ನೇ ಎಂದು ನಾನು ಈಗ ಹೇಳಬಲ್ಲೆ.

2022ರ ಜನವರಿಯಲ್ಲಿ ಮೂರನೇ ಅಲೆ ಬಂತು. 10ನೇ ತಾರೀಕಿನಿಂದ ನಮಗೆ ಮುನ್ನೆಚ್ಚರಿಕೆ ಡೋಸ್ ಶುರುವಾಗಿತ್ತು, ಒಮೈಕ್ರಾನ್ ಸಹ ಹಿಂದಿನದರಷ್ಟು ಕ್ರೂರವಾಗಿರಲಿಲ್ಲ. ಆದರೂ ಮೊದಲೇ ಕುಳಿತು ನಾವು ಮೂರು ವಿಷಯ ಕೇಳಿ ಪಡೆದೆವು: ಹೊಸಬರಿಗೆ ವಾರ್ಡಿಗೆ ಹಾಕುವ ಮುಂಚೆ ಯಂತ್ರಗಳ ಮೇಲೆ ಕೈಯಾಡಿಸಲು ಬಿಡಬೇಕು, ಪ್ರತಿ ಪಾಳಿಯಲ್ಲಿ ಇಬ್ಬಿಬ್ಬರು ಜೋಡಿಯಾಗಿರಬೇಕು, ರಾತ್ರಿ ಪಾಳಿಯ ಮರುದಿನ ಯಾವ ಸಭೆಗೂ ಕರೆಯಬಾರದು. ಸಾವಾದ ಪಾಳಿಯ ಕೊನೆಗೆ ಹತ್ತು ನಿಮಿಷ ಕುಳಿತು, ಏನು ಮಾಡಿದೆವು, ಯಾವುದು ನಮ್ಮ ಕೈಯಲ್ಲಿರಲಿಲ್ಲ ಎಂದು ಮಾತಾಡುವ ರೂಢಿಯನ್ನು ನಾನೇ ಶುರುಮಾಡಿದೆ. ಈಗಲೂ ನಮ್ಮ ವಾರ್ಡಿನಲ್ಲಿ ಅದು ನಡೆಯುತ್ತಿದೆ. ಮಾತ್ರೆಯನ್ನು ಆ ವರ್ಷ ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಿ ನಿಲ್ಲಿಸಿದೆ.

ವಿಷಯ ಹೇಗೋ ತಿಳಿದು ಕೆಲವರು ಒಬ್ಬಳೇ ಇದ್ದಾಗ ಬಂದು ಕೇಳುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ. ಇತ್ತೀಚೆಗೆ ಕೇಳಿದವರು ನಮ್ಮ ಲ್ಯಾಬ್ ಟೆಕ್ನಿಷಿಯನ್. ಎರಡು ವರ್ಷ ಜನರ ಮೂಗಿನಿಂದ ಸ್ವಾಬ್ ತೆಗೆದವರು, ಈಗ ಯಾರಾದರೂ ಹತ್ತಿರ ಕೆಮ್ಮಿದರೆ ಕೆಲಸ ಬಿಟ್ಟು ಎದ್ದುಹೋಗುತ್ತಾರೆ. "ಸಿಸ್ಟರ್, ಅಲ್ಲಿಗೆ ಹೋದ್ರೆ ಎಸ್‌ಆರ್‌ನಲ್ಲಿ ಬರುತ್ತಾ? ಪ್ರಮೋಷನ್ನಿಗೆ ತೊಂದರೆ ಆಗುತ್ತಾ?"

ಓಪಿ ಚೀಟಿಗೂ ಎಸ್‌ಆರ್‌ಗೂ, ಅಂದರೆ ಸೇವಾ ಪುಸ್ತಕಕ್ಕೂ, ಸಂಬಂಧವಿಲ್ಲ ಎಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಎಂಬ ಹಕ್ಕು ಬರೆದೇ ಇದೆ ಎಂದೆ. ಫೋನಿನಲ್ಲೇ ಶುರುಮಾಡುವುದಾದರೆ 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಇದೆ, 14416, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ ಎಂದೆ. ಅವರು ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಜೇಬಿಗೆ ಹಾಕಿಕೊಂಡರು, ಆದರೆ ಎದ್ದು ಹೋಗಲಿಲ್ಲ.

"ಮಂಗಳವಾರ ನನಗೆ ಮಧ್ಯಾಹ್ನದ ಪಾಳಿ ಸರ್" ಎಂದೆ. "ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋದ್ರೆ ಡಾಕ್ಟರು ಬರೋ ಹೊತ್ತಿಗೆ ಚೀಟಿ ಮಾಡಿಸಬಹುದು. ಜೊತೆಗೆ ಬರ್ತೀನಿ."